ಕೆಂಪು ಟೇಪಿನ ಬಲ್ಬು

ನಮ್ಮ ವಿಭಾಗದಲ್ಲಿ ಗೋಡೆಗಳಿಲ್ಲ. ಹಾಗೆಂದು ಗೋಡೆಯ ಮೇಲೆ ಬರೆಸಿದ್ದಾರೆ.

ಬಳ್ಳಾರಿಯ ವಿಶ್ವವಿದ್ಯಾಲಯವೊಂದರ ಹೃದಯ ಮತ್ತು ರಕ್ತನಾಳ ವಿಜ್ಞಾನ ವಿಭಾಗ. ಡಾಕ್ಟರಿಕೆ ಓದಿದವರು, ಎಂಜಿನಿಯರಿಂಗ್ ಓದಿದವರು, ನರ್ಸಿಂಗ್ ಓದಿದವರು ಒಂದೇ ಮೇಜಿನ ಸುತ್ತ ಕೂತು ಒಂದೇ ಹೃದಯವನ್ನು ನೋಡಬೇಕು. ಇದಕ್ಕೆ ಅಂತರಶಿಸ್ತೀಯ ಅಧ್ಯಯನ ಎನ್ನುತ್ತಾರೆ. ಮೇಜು ಒಂದೇ, ನಿಜ. ನನ್ನ ಕುರ್ಚಿ ಮಾತ್ರ ಸಿಂಕಿನ ಪಕ್ಕ. ಯಾರೂ ಬೇಕೆಂದು ಅಲ್ಲಿ ಹಾಕಿದ್ದಲ್ಲ. ನಾನು ಬರುವ ಹೊತ್ತಿಗೆ ಉಳಿದಿದ್ದು ಅದೊಂದೇ.

ನನ್ನ ಹೆಸರು ರೇಣುಕಾ. ಸಿರಿಗೇರಿಯ ಕೇರಿಯವಳು. ಸಿರುಗುಪ್ಪದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಹೇಲು ಬಾಚಿದ್ದೇನೆ. ಹೆಣ ಒರೆಸಿದ್ದೇನೆ. ನಿಂತ ಎದೆಯನ್ನು ಎರಡೂ ಅಂಗೈಯಿಂದ ಒತ್ತಿ ಒತ್ತಿ ಮತ್ತೆ ಬಡಿಯುವಂತೆ ಮಾಡಿದ್ದೇನೆ. ಆಗ ಯಾರೂ ನನ್ನನ್ನು ಯಾರ ಮಗಳು ಎಂದು ಕೇಳಲಿಲ್ಲ. ಸಾಯುವವರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ.

ಆಮೇಲೆ ಪ್ರವೇಶ ಪರೀಕ್ಷೆ ಬರೆದೆ. ಪಿಎಚ್‌ಡಿ ಸೀಟು ಸಿಕ್ಕಿತು. ನಮ್ಮ ಮಾರ್ಗದರ್ಶಕರು ಡಾ. ಮರಿಬಸಪ್ಪ. ಕುರುಗೋಡಿನವರು, ಹೃದಯದ ಡಾಕ್ಟರು. ಮೊದಲ ದಿನವೇ ಹೇಳಿದರು:

"ನೋಡಮ್ಮ, ನಮ್ಮಲ್ಲಿ ಜಾತಿ ಗೀತಿ ಇಲ್ಲ. ಹೃದಯಕ್ಕ ನಾಕು ಕೋಣಿ. ನಿನಗೂ ನಾಕು, ನನಗೂ ನಾಕು."

ನಾನು ಕೇಳಿರಲಿಲ್ಲ.

ಜೊತೆಗೆ ಇನ್ನಿಬ್ಬರು ಸಂಶೋಧಕರು. ಅಮರೇಶ್ ಎಂಜಿನಿಯರು. ಇಸಿಜಿ ಗೆರೆಯನ್ನು ಕಂಪ್ಯೂಟರೇ ಓದಿ ಹೇಳುವಂತೆ ಪ್ರೋಗ್ರಾಂ ಬರೆಯುವವನು. ಅಕ್ಷತಾ ಶರೀರಶಾಸ್ತ್ರ ಓದಿದವಳು. ಇಬ್ಬರೂ ನನಗೆ ಅಕ್ಕಾ ಎನ್ನುತ್ತಿದ್ದರು. "ಅಕ್ಕಾ, ನೀವು ಎಷ್ಟು ಚೊಲೊ ತೊಳೀತೀರಿ! ನಮಗ ಬರಂಗೇ ಇಲ್ಲ ನೋಡ್ರಿ" ಎನ್ನುತ್ತಿದ್ದರು. ಬಾರದ್ದನ್ನು ಕಲಿಯಲೆಂದೇ ವಿಶ್ವವಿದ್ಯಾಲಯ ಇದೆ ಎಂದು ನಾನು ತಿಳಿದಿದ್ದೆ.

ಬಿಸಿಲಲ್ಲಿ ದುಡಿಯುವವರ ಹೃದಯ ಹೇಗಿರುತ್ತದೆ? ಅದು ನಮ್ಮ ಮೂವರ ವಿಷಯ. ಸಿರಿಗೇರಿಯನ್ನೇ ಆರಿಸಿದರು. "ನಿನ್ನ ಊರು. ಜನ ಬರ್ತಾರ" ಎಂದರು ಸರ್. ಊರಿನ ಸಮುದಾಯ ಭವನದಲ್ಲಿ ಶಿಬಿರ ಇಟ್ಟೆವು. ಭವನದ ಬೀಗದ ಕೈ ಇರುವುದು ಉಜ್ಜಿನಪ್ಪನ ಹತ್ತಿರ. ಹಿಂದೆ ಪಂಚಾಯತಿ ಮೆಂಬರ್ ಆಗಿದ್ದವನು. ಪರೀಕ್ಷೆಗೆ ಮೊದಲು ಮಲಗಿದವನೂ ಅವನೇ.

ಇಸಿಜಿ ತೆಗೆಯಲು ಎದೆಗೆ ಚಿಕ್ಕ ಬಟ್ಟಲಿನಂಥವನ್ನು ಹಚ್ಚುತ್ತಾರೆ. ಮೇಲೆ ರಬ್ಬರಿನ ಗುಂಡು, ಕೆಳಗೆ ಬೆಳ್ಳಿ ಲೇಪದ ಲೋಹ. ಗುಂಡು ಒತ್ತಿ ಬಿಟ್ಟರೆ ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಬಲ್ಬು ಎನ್ನುತ್ತಾರೆ. ನಾನು ಉಜ್ಜಿನಪ್ಪನ ಎದೆ ಒರೆಸಿ ಜೆಲ್ ಹಚ್ಚುತ್ತಿದ್ದೆ. ಅವನು ಅಮರೇಶನನ್ನು ಕೇಳಿದ:

"ಈಕಿ ಯಾರ ಮಗಳು?"

"ನಿಮ್ಮೂರಾಕಿನ ರೀ. ರೇಣುಕಾ ಅಕ್ಕ."

"ಊರಾಗ ಎಲ್ಲಿ?"

"ಎರ್ರಣ್ಣನ ಮಗಳು ಅದೀನ್ರಿ" ಎಂದೆ ನಾನೇ.

ನಮ್ಮಪ್ಪ ಎರ್ರಣ್ಣ ತಂಬೂರಿ ಹಿಡಿದು ತತ್ವಪದ ಹಾಡುತ್ತಿದ್ದವನು. ಊರಿನವರೂ ಬಂದು ಕೇಳುತ್ತಿದ್ದರು, ದೂರ ಕೂತು. ಅವನ ಪಕ್ಕದಲ್ಲಿ ಕೂತು ಕೇಳಿ ಕೇಳಿ ಬೆಳೆದವಳು ನಾನು. ಮಾತಿಗಿಂತ ಕಿವಿ ಹೆಚ್ಚು. ಉಜ್ಜಿನಪ್ಪನ ಉಸಿರು ಬದಲಾಗಿದ್ದು ನನಗೆ ಕೇಳಿಸಿತು.

ಅವನು ಕೂಗಾಡಲಿಲ್ಲ. ಕೂಗಾಡುವ ಕಾಲ ಮುಗಿದಿದೆ. ಈಗ ಕಾನೂನಿದೆ.

"ಓಹೋ, ನಮ್ಮ ಉಚ್ಚೆಂಗೆಮ್ಮನ ಮಗಳು! ಎಷ್ಟು ದೊಡ್ಡಾಕಿ ಆಗೀಯವ್ವ! ಭಾಳ ಸಂತೋಷ" ಎಂದು ನಮ್ಮವ್ವನ ಹೆಸರು ಹಿಡಿದು ಹೇಳುತ್ತ ಎದ್ದು ಕೂತ. ಅಂಗಿಯ ಗುಂಡಿ ಹಾಕಿಕೊಂಡ. "ಮನ್ಯಾಗ ಸ್ವಲ್ಪ ಕೆಲಸ ಐತಿ ಸಾರ್. ನಾಳಿ ಬರ್ತೀನಿ."

ಜೆಲ್ ಕೂಡ ಒರೆಸಿಕೊಳ್ಳಲಿಲ್ಲ. ನೇರ ಮನೆಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡನಂತೆ. ಸಿರಿಗೇರಿ ಬಿಸಿಲು ಹಾಗಿರುತ್ತದೆ.

ಮರುದಿನ ಭವನಕ್ಕೆ ಊರಿನವರು ಒಬ್ಬರೂ ಬರಲಿಲ್ಲ. ಫ್ಯಾನು ತಿರುಗುತ್ತಿತ್ತು. ಸರ್ ನಮ್ಮನ್ನು ಕಾರಿನ ಹತ್ತಿರ ಕರೆದರು.

"ಜಗಳ ಬ್ಯಾಡ. ವಿಜ್ಞಾನಕ್ಕ ಜನ ಬೇಕು. ಎರಡು ಸೆಟ್ ಬಲ್ಬು ಮಾಡೋಣು. ಊರಿಗೊಂದು, ಕೇರಿಗೊಂದು. ಭವನದಾಗ ಅಕ್ಷತಾ, ಅಮರೇಶ್ ಹಚ್ಚಲಿ. ರೇಣುಕಾ ಕೇರ್ಯಾಗ ಹಚ್ಚಲಿ. ಸೋಂಕು ತಡಿಯಾಕ ಅಂತ ಬರದರಾತು."

"ಯಾವ ಸೋಂಕು ಸಾರ್?" ಎಂದೆ.

"ಏನರ ಒಂದು. ಚರ್ಮದ್ದು ಅನ್ನೋಣು."

ಅವರು ನಕ್ಕರು. ಅಮರೇಶನೂ ನಕ್ಕ. ನಾನು ಸುಮ್ಮನಿದ್ದೆ. ಸುಮ್ಮನಿರುವವರು ಒಪ್ಪಿದ್ದಾರೆ ಎಂದು ಲೆಕ್ಕ.

ಯೋಜನೆಯ ದುಡ್ಡಲ್ಲಿ ತಂದ ಹೊಸ ಸೆಟ್ಟಿಗೆ ನೀಲಿ ಟೇಪು ಸುತ್ತಿದರು. ಆಸ್ಪತ್ರೆಯ ಕಪಾಟಿನಲ್ಲಿ ಎಸೆಯಲು ಇಟ್ಟಿದ್ದ ಹಳೆಯ ಸೆಟ್ಟಿಗೆ ಕೆಂಪು ಟೇಪು. ನೀಲಿ ಭವನಕ್ಕೆ ಹೋಯಿತು. ಕೆಂಪು ಕೇರಿಗೆ ಬಂತು. ಹೀಗೇ ಆಗಬೇಕೆಂದು ಯಾರೂ ತೀರ್ಮಾನಿಸಲಿಲ್ಲ. ತಾನಾಗಿಯೇ ಆಯಿತು. ನಮ್ಮ ನಾಡಿನಲ್ಲಿ ಇಂಥವು ತಾನಾಗಿಯೇ ಆಗುತ್ತವೆ. ವಿಶ್ವವಿದ್ಯಾಲಯದ ನೀತಿ ಸಮಿತಿ ಈ ವಿಧಾನವನ್ನು ಓದಿ ಮೆಚ್ಚಿತು. ಹಳ್ಳಿಯ ಜನರ ಆರೋಗ್ಯದ ಬಗ್ಗೆ ಇಷ್ಟು ಕಾಳಜಿ ವಹಿಸಿದ ಅಧ್ಯಯನ ಅಪರೂಪ ಎಂದಿತು.

ಕೇರಿಯಲ್ಲಿ ನಮಗೆ ಭವನವಿಲ್ಲ. ಬೇವಿನ ಮರದಡಿ ಚಾಪೆ ಹಾಸಿದೆ. ಸುತ್ತ ಸೀರೆ ಕಟ್ಟಿ ಮರೆ ಮಾಡಿದೆ. ಗದ್ದೆಯಿಂದ ಬಂದವರು ಹಾಗೇ ಮಲಗುತ್ತಿದ್ದರು. ಕಾಲಲ್ಲಿ ಕೆಸರು, ಬೆನ್ನಲ್ಲಿ ಬೆವರು. ಎದೆಯ ಎಲುಬು ಎಣಿಸಬಹುದಿತ್ತು. ಹಳೆಯ ಬಲ್ಬು ನಿಲ್ಲುತ್ತಿರಲಿಲ್ಲ. ಒಂದು ಹಚ್ಚಿದರೆ ಇನ್ನೊಂದು ಜಾರುತ್ತಿತ್ತು. ಮಂಡಿಯೂರಿ ಕೂತು ಒಂದು ಕೈಯಲ್ಲಿ ಬಲ್ಬು ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಮಷಿನ್ ಒತ್ತುತ್ತಿದ್ದೆ. ಸಂಜೆಗೆ ಮಂಡಿ ಎತ್ತಲು ಬರುತ್ತಿರಲಿಲ್ಲ.

ಮುದುಕಿ ಅಂಬಮ್ಮ ಮಲಗಿದಲ್ಲೇ ನಗುತ್ತಿದ್ದಳು. "ಏನಬೇ ರೇಣಿ, ನಿನ್ನ ಬಲ್ಬು ನನ್ನ ಗಂಡನಂಗ ಐತಲ್ಲಬೇ. ಹಚ್ಚಿದ್ದ ಹಚ್ಚಿದ್ದು, ಹಿಡಕಳ್ಳವಲ್ದು!"

ಸೀರೆಯ ಮರೆಯಾಚೆ ಕೂತ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಗೆರೆ ನಡುಗಿತು. ಮತ್ತೆ ತೆಗೆಯಬೇಕಾಯಿತು.

ಸಂಜೆ ಬಳ್ಳಾರಿಗೆ ಬಂದ ಮೇಲೆ ಎರಡೂ ಪೆಟ್ಟಿಗೆ ನನ್ನ ಹತ್ತಿರ ಬರುತ್ತಿದ್ದವು. ಕೆಂಪೂ, ನೀಲಿಯೂ. ಬಿಸಿನೀರು, ಸೋಪು, ಬ್ರಶ್ಶು. ಊರಿನವರ ಎದೆ ಮುಟ್ಟಿದ ಬಲ್ಬುಗಳ ಒಳಗೆ ಬೆರಳು ಹಾಕಿ ತಿರುವಿ ತೊಳೆಯುತ್ತಿದ್ದೆ. ಅಂಟಿದ ಕೂದಲು ತೆಗೆಯುತ್ತಿದ್ದೆ. ಬೆಳಿಗ್ಗೆ ಅವು ಮಡಿಯಾಗಿ ಭವನಕ್ಕೆ ಹೋಗುತ್ತಿದ್ದವು. ಉಜ್ಜಿನಪ್ಪನಿಗೆ ಇದು ಗೊತ್ತಿರಲಿಲ್ಲ. ದೇವರಿಗೆ ಗೊತ್ತಿತ್ತು. ದೇವರು ನಮ್ಮ ಸರ್ ಹಾಗೆ, ಜಗಳ ಬಯಸುವವನಲ್ಲ.

ಮೊದಲ ಸುತ್ತು ಮುಗಿಯಿತು. ಅಮರೇಶ್ ಗೆರೆಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿದ. ಒಂದು ಮಧ್ಯಾಹ್ನ ಕುರ್ಚಿಯಿಂದ ಜಿಗಿದು ಎದ್ದ.

"ಸಾರ್! ಎರಡು ಗುಂಪು ಪೂರ್ತಿ ಬ್ಯಾರೆ ಅದಾವ್ರಿ! ಭವನದ್ದು ಎಲ್ಲಾ ಎತ್ತರ, ಸ್ವಚ್ಛ. ಕೇರೀದು ಗಿಡ್ಡ, ವೀಕು. ಈಗ ಬರೇ ಗೆರಿ ಕೊಟ್ಟರ ಸಾಕು, ಮನುಷ್ಯಾ ಊರಾವೋ ಕೇರ್ಯಾವೋ ಅಂತ ಮಷಿನ್ನ ಹೇಳತೈತಿ!"

ಸರ್ ಅವನ ಬೆನ್ನು ತಟ್ಟಿದರು. ಅಕ್ಷತಾ ಪೇಡೆ ತರಿಸಿದಳು. ಹಿಂದಿನವರು ಹೆಸರು ಕೇಳಿ, ಅಪ್ಪನ ಹೆಸರು ಕೇಳಿ, ಮನೆ ಎಲ್ಲಿ ಎಂದು ಕೇಳಿ ತಿಳಿಯಬೇಕಿತ್ತು. ವಿಜ್ಞಾನ ಅಷ್ಟೆಲ್ಲ ಶ್ರಮ ತಪ್ಪಿಸಿತು.

ಎಲ್ಲರೂ ಹೋದ ಮೇಲೆ ಸರ್ ಕೋಣೆಗೆ ಹೋದೆ.

"ಬಲ್ಬು ಹಳೇವು ಸಾರ್. ಲೇಪ ಸವದೈತಿ. ಅದಕ್ಕ ಗೆರಿ ಗಿಡ್ಡ. ಎದಿ ವೀಕಲ್ಲ."

ಸರ್ ಎದ್ದು ಬಾಗಿಲು ಹಾಕಿದರು.

"ನನಗೂ ಗೊತ್ತೈತಿ ತಾಯಿ. ಅಮರೇಶಗೂ ಗೊತ್ತೈತಿ. ಆದ್ರ ಬಲ್ಬು ಹಳೇವು ಅಂತ ಬರದ್ರ, ಎರಡು ಸೆಟ್ ಯಾಕಿದ್ವು ಅಂತ ಕೇಳ್ತಾರ. ಏನು ಹೇಳ್ಲಿ?"

"ಇದ್ದದ್ದು."

"ಇದ್ದದ್ದು ಹೇಳಿದ್ರ ಯಾರಿಗೆ ಕೆಟ್ಟ ಹೆಸರು? ನಿನ್ನೂರಿಗೆ. ನಿನಗ. ಎರಡನೇ ಸುತ್ತು ಮುಗೀಲಿ. ಎಲ್ಲಾರಕಿಂತ ಮೊದಲು ನಿನ್ನ ಥೀಸಿಸ್ ಕಳಸ್ತೀನಿ. ನಿಮ್ಮ ಕೇರ್ಯಾಗ ಡಾಕ್ಟರ್ ರೇಣುಕಾ ಅಂತ ಬೋರ್ಡ್ ಹಾಕಸು. ಇನ್ನೇನು ಬೇಕು?"

ಆ ವಾರ ಕುರುಗೋಡಿನ ತಮ್ಮ ಮನೆಗೆ ನಮ್ಮನ್ನು ಊಟಕ್ಕೆ ಕರೆದರು. ಸರ್ ತಾಯಿ ಚನ್ನವೀರಮ್ಮ ತಾವೇ ಹೋಳಿಗೆ ಮಾಡಿದ್ದರು. ಊಟಕ್ಕೆ ಮೊದಲು ಕಣ್ಣು ಮುಚ್ಚಿ ವಚನ ಹೇಳಿದರು. ಇವರು ನಮ್ಮವರು, ಅವರು ನಮ್ಮವರು ಎಂಬ ಅರ್ಥದ ಸಾಲುಗಳು. ನನಗೂ ಬಾಯಿಪಾಠ. ನಾನೂ ದನಿಗೂಡಿಸಿದೆ. ಅವರಿಗೆ ಸಂತೋಷವಾಯಿತು. "ಎಷ್ಟು ಚಂದ ಹೇಳ್ತೀಯವ್ವ!" ಎಂದರು. ಆಮೇಲೆ ಎಲ್ಲರಿಗೂ ಸ್ಟೀಲಿನ ತಟ್ಟೆ ಬಂತು. ನನಗೆ ಕಾಗದದ ತಟ್ಟೆ.

"ಅತಿಥಿ ನೀನು, ಹೊಸಾ ತಟ್ಟಿ" ಎಂದರು.

ಅಮರೇಶನೂ ಅಕ್ಷತಾಳೂ ಬಹುಶಃ ಅತಿಥಿಗಳಲ್ಲ. ಹೋಳಿಗೆ ಚೆನ್ನಾಗಿತ್ತು. ತುಪ್ಪಕ್ಕೆ ಕಾಗದ ನೆಂದು ಹರಿಯಿತು.

ಇಷ್ಟಕ್ಕೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಸರ್ ಒಳ್ಳೆಯವರು. ಒಳ್ಳೆಯತನ ಅವರನ್ನು ಸಿರಿಗೇರಿಗೆ ಎಳೆದುಕೊಂಡು ಹೋಯಿತು. ಸಮುದಾಯ ಭವನದಲ್ಲಿ ಮೈಕು ಹಿಡಿದು ಹೇಳಿದರು: ಕೇರಿಯ ಬಂಧುಗಳ ಹೃದಯ ದುರ್ಬಲವಾಗಿದೆ, ಬಿಸಿಲಲ್ಲಿ ಭಾರದ ಕೆಲಸ ಮಾಡಬಾರದು, ಎಲ್ಲರೂ ಅವರ ಬಗ್ಗೆ ಕನಿಕರ ಇಡಬೇಕು. ಚಪ್ಪಾಳೆ ಬಿತ್ತು.

ಊರಿಗೆ ಹೋದಾಗ ನಾಟಿಯ ಹೊತ್ತಿನಲ್ಲಿ ಅವ್ವ ಮನೆಯಲ್ಲಿ ಕೂತಿದ್ದಳು. ನಾಟಿ ಬಂತೆಂದರೆ ಅವಳು ಹೊಸ್ತಿಲಲ್ಲಿ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ.

"ಯಾಕವ್ವ ಹೋಗಿಲ್ಲ?"

"ಜಂಬಣ್ಣ ಬ್ಯಾಡಂದ." ಜಂಬಣ್ಣ ನಾಟಿ ಗುಂಪಿನ ಮೇಸ್ತ್ರಿ. "'ಬ್ಯಾಡವ್ವಾ, ನಿಮ್ಮ ಎದಿ ಸರಿ ಇಲ್ಲಂತ ದೊಡ್ಡ ಡಾಕ್ಟರ್ ಮೈಕಿನ್ಯಾಗ ಹೇಳ್ಯಾರ. ಗದ್ದ್ಯಾಗ ಬಿದ್ದು ಸತ್ರ ನನ್ನ ತಲಿಗೆ ಬರತೈತಿ' ಅಂದ. ಕೇರ್ಯಾಗಿಂದ ಯಾರನ್ನೂ ಕರೀಲಿಲ್ಲ. ತೆಕ್ಕಲಕೋಟೆಯಿಂದ ಆಳು ತಂದಾನ."

ಅವ್ವ ಮಾತಾಡುವಾಗ ಬಲಗೈ ಎದೆಯ ಮೇಲಿತ್ತು. ಅದು ಅಲ್ಲಿದೆ ಎಂದು ಅವಳಿಗೇ ತಿಳಿದಿರಲಿಲ್ಲ. ಕೊಡ ಅರ್ಧ ತುಂಬಿಸಿ ತರುವುದನ್ನು ಕಲಿತಿದ್ದಳು. ನಡುವೆ ನಿಂತು ಉಸಿರು ನೋಡಿಕೊಳ್ಳುತ್ತಿದ್ದಳು.

"ನನ್ನ ಎದ್ಯಾಗ ಏನಾಗೈತಿ, ರೇಣಿ?"

"ಏನೂ ಆಗಿಲ್ಲವ್ವ."

"ಮತ್ಯಾಕ ಮಷಿನ್ ಹಂಗ ಹೇಳ್ತು? ಅದನ್ನ ಹಚ್ಚಿದಾಕಿ ನೀನ ಅಲ್ಲೇನು?"

ಮೂಲೆಯ ಕೊಡ ಎತ್ತಿಕೊಂಡು ಹೋಗಿ ಪೂರ್ತಿ ತುಂಬಿಸಿ ತಂದೆ.

ಎರಡನೇ ಸುತ್ತು ಬಂತು. ಭವನದಲ್ಲಿ ಊರಿನವರು ಕುರ್ಚಿ ಹಾಕಿಕೊಂಡು ಕೂತಿದ್ದರು. ಅಕ್ಷತಾ ನೀಲಿ ಟೇಪಿನ ಪೆಟ್ಟಿಗೆ ತೆರೆದಳು. ಕೆಂಪು ಪೆಟ್ಟಿಗೆ ಹಿಡಿದು ನಾನು ಬೇವಿನ ಮರಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಹಿಂದಿನ ನಲ್ಲಿಯಿಂದ ಬಕೆಟ್ಟಿನಲ್ಲಿ ನೀರು ತಂದೆ. ಭವನದ ನಡುವೆ ಇಟ್ಟೆ. ಕೆಂಪು ಟೇಪು ಕಿತ್ತೆ. ಅಕ್ಷತಾಳ ಮುಂದಿನ ಪೆಟ್ಟಿಗೆ ಎಳೆದು ನೀಲಿ ಟೇಪು ಕಿತ್ತೆ. ಎರಡನ್ನೂ ಬಕೆಟ್ಟಿಗೆ ಸುರಿದೆ. ಸೋಪು ಹಾಕಿ ಮೊಣಕೈವರೆಗೆ ತೋಳು ಮುಳುಗಿಸಿ ಕಲಸಿದೆ.

"ಅಕ್ಕಾ! ಏನ್ ಮಾಡಾಕ ಹತ್ತೀರಿ?" ಅಕ್ಷತಾ ಚೀರಿದಳು.

"ತೊಳಿಯಾಕ ಹತ್ತೀನಿ. ನನ್ನ ಕೆಲಸ ಅಲ್ಲೇನು?"

"ಎರಡೂ ಒಂದರಾಗ?"

"ಬಳ್ಳಾರ್ಯಾಗ ದಿನಾ ಒಂದ ಸಿಂಕಿನ್ಯಾಗ ಒಂದ ಕೈಲೆ ತೊಳದೀನಿ. ನೀವು ಹೊರಗ ಚಾ ಕುಡೀತಿದ್ರಿ."

ಉಜ್ಜಿನಪ್ಪ ಕುರ್ಚಿಯಿಂದ ಎದ್ದ. "ಏನಂದಿ? ನಮ್ಮವನ್ನೂ ನೀನ ತೊಳಿಯಾಕಿ?"

"ಹೌದ್ರಿ. ಹೊರಗೂ ತೊಳದೀನಿ, ಒಳಗೂ ತೊಳದೀನಿ. ನಿಮ್ಮ ಎದಿಗೆ ಏನೂ ಆಗಿಲ್ಲ. ಗೆರಿ ಚೊಲೊ ಬಂದೈತಿ. ಬೇಕಾದ್ರ ಮಷಿನ್ ಕೇಳ್ರಿ."

ಅವನ ಕೈ ತಾನಾಗಿ ಅಂಗಿಯ ಮೇಲೆ ಹೋಯಿತು. ಬಾಗಿಲ ಬಳಿ ನಿಂತಿದ್ದ ಸರ್ ಕಡೆ ತಿರುಗಿದ. "ಸಾರ್, ನಂಬಿದವ್ರಿಗೆ ಇಂಥಾ ಮೋಸ ಮಾಡಬಾರದಿತ್ತು. ನಮ್ಮವು ಯಾವು, ಅವ್ರವು ಯಾವು, ಬ್ಯಾರೆ ಮಾಡ್ಕೊಂಡು ಬರ್ರಿ. ತೊಳ್ಯಾಕೂ ಬ್ಯಾರೇದವ್ರು ಇರಲಿ. ಹಂಗಾದ್ರ ಭವನದ ಬೀಗ ತಗೀತೀನಿ."

ಕುರ್ಚಿಗಳು ಖಾಲಿಯಾದವು. ಸರ್ ಊರಿನವರ ಹಿಂದೆಯೇ ಹೋದರು. ಅವ್ವ ಬಾಗಿಲಾಚೆ ನಿಂತಿದ್ದಳು. "ಒಳಗ ಬಾರವ್ವ" ಎಂದೆ. ಅವಳು ಚಪ್ಪಲಿ ಬಿಟ್ಟು, ಗೋಡೆ ಹಿಡಿದು ಬಂದಳು. ಆ ಭವನಕ್ಕೆ ಗಿಲಾವು ಹಾಕುವಾಗ ಉಸುಕು ಹೊತ್ತವಳು ಅವಳು. ಕಟ್ಟಿದ ಮೇಲೆ ಒಳಗೆ ಬಂದದ್ದು ಅದೇ ಮೊದಲು. ಅಮರೇಶನನ್ನು ಹೊರಗೆ ಕಳಿಸಿ ಬಾಗಿಲು ಎಳೆದೆ. ಅವ್ವ ಮೇಜಿನ ಮೇಲೆ ಮಲಗಿದಳು. ಬಕೆಟ್ಟಿನೊಳಗೆ ಕೈಯಾಡಿಸಿ ಆರಿಸಿ ತೆಗೆದು ಹಚ್ಚಿದೆ. ಗಟ್ಟಿಯಾಗಿ ಕಚ್ಚಿಕೊಂಡವು. ಗೆರೆ ಎತ್ತರವಾಗಿ, ನೆಟ್ಟಗೆ ಓಡಿತು.

"ಇದು ನಂದೇನು?" ಎಂದಳು.

"ನಿಂದ."

ಅವ್ವ ಆ ಗೆರೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದಳು. "ನಡಿ, ಆ ಜಂಬಣ್ಣನ ಎದೀನೂ ಒಂದ್ಸಲ ನೋಡ್ಬೇಕೈತಿ" ಎಂದಳು.

ಮರುದಿನ ಬಳ್ಳಾರಿಯಲ್ಲಿ ಸರ್ ಎಲ್ಲ ಬಲ್ಬುಗಳನ್ನು ಒಂದು ತಟ್ಟೆಯಲ್ಲಿಟ್ಟು ನನ್ನ ಮುಂದೆ ತಳ್ಳಿದರು. ಟೇಪು ಹೋದ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತಿದ್ದವು.

"ನೀನು ತೊಳದಾಕಿ. ಮುಟ್ಟಿದ್ರ ನಿನಗ ಗೊತ್ತಾಗತೈತಿ. ನಿಮ್ಮವ್ವಗ ಚೊಲೋವ ಆರಿಸಿ ಹಚ್ಚೀದಿ, ಅಕ್ಷತಾ ನೋಡ್ಯಾಳ. ಬ್ಯಾರೆ ಮಾಡಿ ಕೊಡು. ನಡದಿದ್ದು ಮರತು ಬಿಡ್ತೀನಿ."

"ಹೊಸಾ ಬಲ್ಬು ತರಬಹುದಲ್ಲ ಸಾರ್? ಎಲ್ಲಾರಿಗೂ."

"ಹೊಸಾವು ತಂದ್ರ ಕೇರಿ ಗೆರಿ ಎತ್ತರ ಬರತೈತಿ. ಮೊದಲನೇ ಸುತ್ತಿನ ಫಲಿತಾಂಶ ಏನಾಗ್ಬೇಕು?" ಎಂದ ಅಮರೇಶ್. ಅವನಿಗೆ ನಿಜವಾಗಿಯೂ ದುಃಖವಾಗಿತ್ತು.

"ಗೊತ್ತೈತೋ ಇಲ್ಲೋ, ಅಷ್ಟು ಹೇಳು" ಎಂದರು ಸರ್.

"ಗೊತ್ತೈತಿ ಸಾರ್. ಹೇಳಂಗಿಲ್ಲ."

"ಸೀಟು ಹೋಗತೈತಿ ನೋಡು."

"ಹೋಗ್ಲಿ. ಹೇಳಂಗಿಲ್ಲ."

ಸರ್ ಮುಖ ಕೆಂಪಾಯಿತು. "ಈಕಿಗೆ ಗೊತ್ತಾಗೋದು ನಮಗ ಗೊತ್ತಾಗಂಗಿಲ್ಲೇನು? ಬರ್ರಿ" ಎಂದರು.

ಮೂವರೂ ತಟ್ಟೆಯ ಮೇಲೆ ಬಾಗಿದರು. ಒಂದೊಂದನ್ನೂ ಎತ್ತಿದರು. ಒತ್ತಿದರು. ಬೆಳಕಿಗೆ ಹಿಡಿದರು. ಒಳಗೆ ಬೆರಳು ಹಾಕಿ ತಿರುವಿದರು. ಅಕ್ಷತಾ ಒಂದನ್ನು ಕೆನ್ನೆಗೆ ಹಚ್ಚಿ ನೋಡಿದಳು. ಅಮರೇಶ್ ಒಂದನ್ನು ಮೂಸಿದ. ತಿಳಿಯಲಿಲ್ಲ. ಕೊನೆಗೆ ಸರ್ ಅಂಗಿ ಬಿಚ್ಚಿ ಪರೀಕ್ಷೆಯ ಮಂಚದ ಮೇಲೆ ಮಲಗಿದರು.

"ನನಗ ಹಚ್ಚಿ ನೋಡ್ರಿ. ನನ್ನ ಎದಿ ಗಟ್ಟಿ ಐತಿ. ಗೆರಿ ನೋಡಿದ್ರ ತಿಳೀತೈತಿ."

ಅಮರೇಶ್ ಕೈಗೆ ಸಿಕ್ಕವನ್ನು ಹಚ್ಚಿದ. ಜೆಲ್ ತಣ್ಣಗಿತ್ತೇನೋ, ಸರ್ ಬೆಚ್ಚಿದರು. ಗೆರೆ ಓಡಿತು. ಕಂಪ್ಯೂಟರ್ ಅದನ್ನು ಓದಿ ಮುಗಿಸಿತು. ಅಮರೇಶ್ ಪರದೆಯನ್ನೇ ನೋಡುತ್ತ ನಿಂತ.

"ಏನು ಹೇಳ್ತಲೇ?"

"ಸಾರ್..." ಅವನ ದನಿ ಇಳಿಯಿತು. "ವೀಕ್ ಅಂತೈತಿ. ನಿಮ್ಮನ್ನ ಕೇರಿ ಗುಂಪಿಗೆ ಹಾಕೈತಿ."

"ತಗೀ! ಬ್ಯಾರೇವು ಹಚ್ಚು!"

ಅಕ್ಷತಾ ತಟ್ಟೆ ನೋಡಿದಳು. ಸರ್ ಎದೆ ನೋಡಿದಳು.

"ಬ್ಯಾರೇವು ಅಂದ್ರ ಯಾವು ಸಾರ್?"

ಮೂವರೂ ನ‌ನ್ನ ಕಡೆ ತಿರುಗಿದರು. ನಾನು ಹೇಳಲಿಲ್ಲ.